ಎರಡು ತಾಸಿನ ಲಂಡನ್

"ಕುಣೀಬ್ಯಾಡ ಸ್ಫೂರ್ತಿ! ಕೆಳಗಿನ ಫ್ಲ್ಯಾಟಿನವರು ಬಂದು ಬಾಗಲಾ ಬಡೀತಾರ," ಎಂದು ಅವ್ವ ಗದರಿದಳು.

ಸ್ಫೂರ್ತಿಯ ಕಾಲು ನೆಲದ ಮೇಲೆ ನಿಲ್ಲಬೇಕಲ್ಲ! ಅಮೆರಿಕದ ದೊಡ್ಡವ್ವ ಈಗಷ್ಟೇ ವಿಡಿಯೋ ಕಾಲಿನಲ್ಲಿ ಸುದ್ದಿ ಹೇಳಿದ್ದಳು. ಅವಳಿರುವ ಕೊಲಂಬಸ್ ಎಂಬ ಊರಿಗೂ ಲಂಡನ್ನಿಗೂ ನಡುವೆ ಹೊಸ ವಿಮಾನ ಶುರುವಾಗುತ್ತದಂತೆ. ಇನ್ನು ನ್ಯೂಯಾರ್ಕಿನಲ್ಲಿ ಇಳಿದು ಹತ್ತುವ ಗೋಳಿಲ್ಲ. ಅಟ್ಲಾಂಟಿಕ್ ಸಾಗರವನ್ನು ದಾಟಿ ನೇರ ಲಂಡನ್ನಿನ ಹೀಥ್ರೋ ನಿಲ್ದಾಣಕ್ಕೆ ಬಂದಿಳಿಯುತ್ತದೆ. ಹೀಥ್ರೋ ಸ್ಫೂರ್ತಿಯ ಮನೆಯಿರುವ ಹೇಸ್ ಬಡಾವಣೆಯ ಮಗ್ಗುಲಲ್ಲೇ ಇದೆ.

"ನಾನ್‌ಸ್ಟಾಪ್! ಪ್ರಿಯಾಂಕಾ, ನೀ ನಾನ್‌ಸ್ಟಾಪ್ ಬರ್ತೀ!" ಎಂದು ಸ್ಫೂರ್ತಿ ಫೋನಿನ ಪರದೆಗೆ ಮುಖವಿಟ್ಟು ಕಿರುಚಿದಳು.

ಪ್ರಿಯಾಂಕಾ ದೊಡ್ಡವ್ವನ ಮಗಳು, ಸ್ಫೂರ್ತಿಯ ವಾರಿಗೆಯವಳು. ಬೇಸಿಗೆ ರಜೆಗೆ ವಿಜಯಪುರಕ್ಕೆ ಹೋಗುವಾಗ ಅವರು ಹೀಥ್ರೋದಲ್ಲಿ ವಿಮಾನ ಬದಲಿಸುತ್ತಿದ್ದರು. ಬೆಳಿಗ್ಗೆ ಬಂದಿಳಿದರೆ, ಬೆಂಗಳೂರಿನ ವಿಮಾನ ಮಾರನೆಯ ದಿನ. ಆ ಒಂದು ದಿನ ಅವರು ಸ್ಫೂರ್ತಿಯ ಮನೆಯಲ್ಲೇ. ಇಬ್ಬರು ಹುಡುಗಿಯರು ಕಾಲುವೆಯ ದಂಡೆಗೆ ಹೋಗಿ ಬಾತುಕೋಳಿಗಳಿಗೆ ಹೆಸರಿಟ್ಟು ಬರುತ್ತಿದ್ದರು. ಅವ್ವ, ದೊಡ್ಡವ್ವ ಅಕ್ಕತಂಗಿಯರಿಬ್ಬರೂ ಅಡುಗೆಮನೆಯಲ್ಲಿ ಕೂತು ಅದೇನೋ ಪಿಸುಗುಟ್ಟುತ್ತಾ, ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದರು. ವರ್ಷದಲ್ಲಿ ಅವ್ವ ಅಷ್ಟು ಜೋರಾಗಿ ನಗುತ್ತಿದ್ದುದು ಅವತ್ತು ಮಾತ್ರ.

"ಈ ಸಲ ಯಾವಾಗ ಮನೀಗೆ ಬರ್ತೀರಿ ದೊಡ್ಡವ್ವಾ?"

ಪರದೆಯ ಮೇಲೆ ದೊಡ್ಡವ್ವನ ಮುಖ ಸಣ್ಣದಾಯಿತು. "ಈ ಸಲ ಬರಾಕ ಆಗೂದಿಲ್ಲ ಪುಟ್ಟಿ. ಇಳಿದ ಎರಡು ತಾಸಿಗೆ ಬೆಂಗಳೂರ ಫ್ಲೈಟ್ ಐತಿ. ನಿಮ್ಮ ದೊಡ್ಡಪ್ಪಗ ರಜಾ ಎರಡ ವಾರ ಅಷ್ಟ ಸಿಕ್ಕೈತಿ. ಏರ್‌ಪೋರ್ಟ್ ಬಿಟ್ಟು ಹೊರಗ ಬರೂದಿಲ್ಲ ನಾವು."

ಸ್ಫೂರ್ತಿ ಕುಣಿಯುವುದನ್ನು ನಿಲ್ಲಿಸಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ ಇರಬೇಕು. ದೂರದ ನ್ಯೂಯಾರ್ಕ್ ಸುತ್ತಿ ಬರುವಾಗ ಮನೆಗೆ ಬರುತ್ತಿದ್ದವರು, ನೇರ ಬರುವಾಗ ಬರುವುದಿಲ್ಲವಂತೆ!

ಅವ್ವನಾದರೂ ಜಗಳವಾಡುತ್ತಾಳೆ ಅಂದುಕೊಂಡರೆ, ಅವಳು ನಗುನಗುತ್ತಲೇ, "ಭಾಳ ಛಲೋ ಆತು ಬಿಡ ಅಕ್ಕಾ. ಹುಡುಗರಿಗೆ ತ್ರಾಸ ತಪ್ಪತು," ಅಂದುಬಿಟ್ಟಳು.

ಫೋನ್ ಇಟ್ಟ ಮೇಲೆ ಸ್ಫೂರ್ತಿ ಅವ್ವನ ಮೇಲೆ ಹರಿಹಾಯ್ದಳು. "ಛಲೋ ಅಂತ ಯಾಕ ಅಂದಿ? ಇಟ್ಸ್ ನಾಟ್ ಛಲೋ!"

"ಮತ್ತೇನ ಅನ್ಲಿ? ಅವರ ಅನುಕೂಲ ಅವರು ನೋಡಬ್ಯಾಡೇನು?"

"ಹಂಗಾರ ನಾವಾ ಏರ್‌ಪೋರ್ಟಿಗೆ ಹೋಗೋಣು. ಜಸ್ಟ್ ಫೈವ್ ಮಿನಿಟ್ಸ್ ನೋಡಿ ಬರೋಣು!"

"ಅವರು ಹೊರಗ ಬರೂದಿಲ್ಲ, ನಮ್ಮನ್ನ ಒಳಗ ಬಿಡೂದಿಲ್ಲ. ಹೋಗು, ಹೋಮ್‌ವರ್ಕ್ ಮಾಡು."

ಅವ್ವ ಪಾತ್ರೆ ತಿಕ್ಕಲು ಹೋದಳು. ಅವ್ವನಿಗೆ ಏನೂ ಅನ್ನಿಸುವುದೇ ಇಲ್ಲ ಎಂದು ಸ್ಫೂರ್ತಿಗೆ ಅಳು ಬಂತು. ಅಂದಿನಿಂದ ಮುಖ ಊದಿಸಿಕೊಂಡೇ ಓಡಾಡಿದಳು. ಕೇಳಿದ್ದಕ್ಕೆಲ್ಲ "ಫೈನ್" ಎಂಬುದೊಂದೇ ಉತ್ತರ. ಅಪ್ಪ, "ನಮ್ಮ ಮನ್ಯಾಗ ಒಬ್ಬಾಕಿ ಇಂಗ್ಲಿಷ್ ರಾಣಿ ಬಂದಾಳ," ಎಂದು ಛೇಡಿಸಿದರೂ ಅವಳು ನಗಲಿಲ್ಲ. ಆಕಾಶದಲ್ಲಿ ವಿಮಾನದ ಸದ್ದಾದರೆ ಸಾಕು, ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು.

ಅವರು ಬರುವ ದಿನ ಶನಿವಾರ. ಸ್ಫೂರ್ತಿ ಬೇಕೆಂದೇ ಹೊದಿಕೆ ಎಳೆದುಕೊಂಡು ಮಲಗಿದ್ದಳು.

"ಏಳು, ಬೂಟು ಹಾಕ್ಕೋ. ಬಸ್ಸಿಗೆ ಹೋಗೋಣು," ಅಂದಳು ಅವ್ವ. ಕೆಲಸಕ್ಕೆ ಹೋಗಬೇಕಾದವಳು ಹಬ್ಬದ ಚೂಡಿದಾರ ಹಾಕಿಕೊಂಡು, ಹಳದಿ ದುಪಟ್ಟಾ ಹೊದ್ದು ನಿಂತಿದ್ದಳು.

"ಎಲ್ಲಿಗೆ?"

"ವಿಮಾನ ಇಳಿಯೂದು ಕಾಣ್ತದಂತ, ಹ್ಯಾಟನ್ ಕ್ರಾಸ್‌ನ್ಯಾಗ. ಬಾ ಲಗೂನ."

ದಾರಿಯಲ್ಲಿ ರಸ್ತೆ ಅಗೆದಿದ್ದರು. ಬಸ್ಸು ಆಮೆಯ ಹಾಗೆ ತೆವಳಿತು. ಅವ್ವ ಮೂರು ಸಲ ಎದ್ದು ನಿಂತಳು, ಮೂರು ಸಲ ಕೂತಳು. ಹ್ಯಾಟನ್ ಕ್ರಾಸ್ ಬಂದದ್ದೇ ತಡ, ಸ್ಫೂರ್ತಿಯ ಕೈ ಹಿಡಿದು ಓಡಿದಳು. ಅವ್ವ ಓಡುವುದನ್ನು ಸ್ಫೂರ್ತಿ ಅವತ್ತೇ ನೋಡಿದ್ದು.

ವಿಮಾನ ನಿಲ್ದಾಣದ ಬೇಲಿಯ ಈಚೆ ಹುಲ್ಲಿನ ಮೇಲೆ ನಾಲ್ಕಾರು ಜನ ಉದ್ದುದ್ದ ಕ್ಯಾಮೆರಾ ಹಿಡಿದು ನಿಂತಿದ್ದರು. ವಿಮಾನಗಳು ಒಂದರ ಹಿಂದೊಂದು ಮನೆಗಳ ಹೆಂಚಿಗೆ ತಾಗುವಷ್ಟು ಕೆಳಗೆ ಬರುತ್ತಿದ್ದವು. ಸ್ಫೂರ್ತಿ ಅವ್ವನ ಫೋನಿನಲ್ಲಿ ವಿಮಾನ ಹುಡುಕುವ ಆ್ಯಪ್ ತೆರೆದಳು.

"ಅದ! ಅದ ನೋಡು! ಬಾಲದ ಮ್ಯಾಲೆ ಅವರ ಕಂಪನಿ ಬಣ್ಣಾನ ಐತಿ!" ಅವ್ವ ಕೂಗಿದಳು. ದುಪಟ್ಟಾ ತೆಗೆದು ಎರಡೂ ಕೈಯಿಂದ ಬೀಸಿದಳು. "ಅಕ್ಕಾ! ಏ ಅಕ್ಕಾ!"

ರಸ್ತೆಯಲ್ಲಿ ಯಾವತ್ತೂ ದನಿ ಎತ್ತರಿಸದ ಅವ್ವ! ಕ್ಯಾಮೆರಾದವರೆಲ್ಲ ತಿರುಗಿ ನೋಡಿದರು.

ಸ್ಫೂರ್ತಿ ಫೋನ್ ನೋಡಿದಳು. ಕೆಳಗಿಳಿಯುತ್ತಿದ್ದುದು ಜಿನೀವಾದಿಂದ ಬಂದ ವಿಮಾನ. ಕೊಲಂಬಸ್ಸಿನದು ಅವರಿನ್ನೂ ಬಸ್ಸಿನಲ್ಲಿದ್ದಾಗಲೇ ಇಳಿದಾಗಿತ್ತು.

"ಅವ್ವಾ..." ಎಂದು ಬಾಯಿ ತೆರೆದಳು.

ಅವ್ವನ ಕೆನ್ನೆಯೆಲ್ಲ ಒದ್ದೆಯಾಗಿತ್ತು. ಆದರೂ ನಗುತ್ತಿದ್ದಳು, ವರ್ಷಕ್ಕೊಮ್ಮೆ ಅಡುಗೆಮನೆಯಲ್ಲಿ ನಗುವ ಹಾಗೆ. "ನಿಮ್ಮ ದೊಡ್ಡವ್ವ ಕಿಟಕಿ ಸೀಟ ಬೇಕಂತಾಳ ಯಾವಾಗಲೂ. ನಮ್ಮನ್ನ ನೋಡಿರ್ತಾಳ, ಹೌದಿಲ್ಲೋ?"

ಸ್ಫೂರ್ತಿ ಫೋನನ್ನು ಜೇಬಿಗೆ ಹಾಕಿದಳು.

"ಹೌದವ್ವಾ. ನೋಡಿರ್ತಾಳ."

ದುಪಟ್ಟಾದ ಇನ್ನೊಂದು ತುದಿ ಹಿಡಿದು, ಅವ್ವನಿಗಿಂತ ಜೋರಾಗಿ ಅವಳೂ ಕೂಗಿದಳು. "ದೊಡ್ಡವ್ವಾ! ನಾವಿಲ್ಲೇ ಅದೀವಿ!"