ಸಾಕು ಎನ್ನುವವರು

ಫಕೀರವ್ವ ಜಾಗತಿಕ ಹಾಡಿನ ಸ್ಪರ್ಧೆಯ ವೇದಿಕೆಯ ಮೇಲೆ ಬಾಯಿ ತೆರೆದ ಕೂಡಲೇ ನಿಯಂತ್ರಣ ಕೋಣೆಯ ಗೋಡೆಯ ಮೇಲೆ ಹಸಿರು ಗೆರೆಯೊಂದು ಏರತೊಡಗಿತು. ಜಗತ್ತಿನಾದ್ಯಂತ ಟಿ.ವಿ. ಮುಂದೆ ಕುಳಿತವರ ಮಣಿಕಟ್ಟಿನಲ್ಲಿ ಮಿಡಿತಪಟ್ಟಿ ಇತ್ತು. ನಾಡಿ ಬಡಿತ, ಚರ್ಮದ ಬೆವರು, ರೋಮ ನಿಮಿರುವುದು, ಇವನ್ನು ಗ್ರಹಿಸಿ ಹಾಡು ಎಷ್ಟು ತಟ್ಟಿತೆಂದು ಪಟ್ಟಿಯೇ ಅಂಕ ಕೊಡುತ್ತಿತ್ತು. ಆ ಅಂಕಗಳ ಮೊತ್ತವೇ ಹಸಿರು ಗೆರೆ.

ಹಿಂದೆ ಜನರೇ ಮತ ಹಾಕುತ್ತಿದ್ದರು. ನೆರೆ ದೇಶದವರು ನೆರೆಯವರಿಗೇ ಹಾಕುತ್ತಾರೆ, ಹಾಡು ಯಾರಿಗೆ ಬೇಕು ಎಂದು ಪ್ರತಿವರ್ಷ ಜಗಳ. ಆ ಜಗಳ ಮುಗಿಸಲೆಂದೇ ಬಾಗಲಕೋಟೆಯ ಡಾ. ಶರ್ವಾಣಿ ತನ್ನ ಹರೆಯವನ್ನೆಲ್ಲ ಸವೆಸಿ ಈ ಪಟ್ಟಿ ಮಾಡಿದ್ದಳು. ನಿಯಮಗಳೂ ಅವಳವೇ. ಗೆರೆ ಏರುತ್ತಿರುವಷ್ಟು ಹೊತ್ತೂ ಹಾಡಬಹುದು. ಆದರೆ ಹಾಡುವವರನ್ನು ಯಾರೂ ಮುಟ್ಟಬಾರದು. ಮುಟ್ಟಿದರೆ ಅಳತೆ ಕೆಡುತ್ತದೆ.

ಫಕೀರವ್ವ ಅವಳದೇ ಸೀಮೆಯವಳು. ಮಗಳ ಹೆಣದ ಮುಂದೆ ಹಾಡಿಕೊಂಡು ಅತ್ತದ್ದನ್ನು ಯಾರೋ ಫೋನಿನಲ್ಲಿ ಹಿಡಿದು ಹರಿಬಿಟ್ಟಿದ್ದರು. ಅದನ್ನು ಕಂಡೇ ಸ್ಪರ್ಧೆಯವರು ಕರೆಸಿದ್ದರು. ಮಗಳ ಹೆಸರನ್ನು ನಾಲ್ಕು ಮಂದಿ ಕೇಳಲಿ ಎಂದು ಆಕೆ ಒಪ್ಪಿದ್ದಳು.

ಬೆಳಿಗ್ಗೆ ಅವಳ ತಂಗಿ ನಿಂಬೆವ್ವ ಶರ್ವಾಣಿಯ ಬಳಿ ಬಂದಿದ್ದಳು. "ಮೇಡಮ್ಮಾರ, ನನ್ನ ಅಕ್ಕನ ಬಾಜೂಕ ನಿಲ್ಲಾಕ ಬಿಡ್ರೀ. ಯಾರರ ಭುಜಾ ಹಿಡದು ಸಾಕ್ ಬಿಡವಾ ಅನ್ನೂತನಕ ಆಕಿ ನಿಲ್ಲಂಗಿಲ್ಲ."

"ಗೊತ್ತದ ನಿಂಬೆವ್ವ, ನಮ್ಮ ಅಜ್ಜಿ ತೀರಿದಾಗ ನಾನೂ ನೋಡೀನಿ. ಆದ್ರ ನಿಯಮ ಅದ. ಇಲ್ಲಿ ಹಾಡಷ್ಟ ಅಲ್ಲೇನು, ತಾನ ಮುಗಿಸ್ತಾಳ."

ಈಗ ಆಕೆ ಮುಗಿಸುತ್ತಿರಲಿಲ್ಲ. ಮಗಳ ಜಡೆ, ಮಗಳ ನಗು, ಮಗಳು ಅರ್ಧ ಹೊಲಿದಿಟ್ಟ ಕುಪ್ಪಸ, ಒಂದೊಂದನ್ನೂ ಕರೆದು ಕರೆದು ಹಾಡುತ್ತಿದ್ದಳು. ದನಿ ಒಡೆಯಿತು. ಗೆರೆ ಇನ್ನೂ ಏರಿತು. ಇಂಥದ್ದನ್ನು ಕಂಡೇ ಇಲ್ಲವೆಂದು ನಿಯಂತ್ರಣ ಕೋಣೆಯಲ್ಲಿ ಶರ್ವಾಣಿಯ ಪಕ್ಕದಲ್ಲಿದ್ದ ಕಾರ್ಯಕ್ರಮದ ನಿರ್ದೇಶಕ ಕುಣಿದಾಡಿದ. ಸಭಾಂಗಣದಲ್ಲಿ ಎದ್ದು ಓಡಿಬಂದ ನಿಂಬೆವ್ವನನ್ನು ಕಾವಲಿನವರು ತಡೆದು ಕೂರಿಸಿದ್ದು ಶರ್ವಾಣಿಗೆ ಪರದೆಯಲ್ಲಿ ಕಂಡಿತು. ಅವಳು ಕುರ್ಚಿಯಿಂದ ಅರ್ಧ ಎದ್ದಳು, ಗೆರೆಯತ್ತ ನೋಡಿದಳು. ಇನ್ನು ಸ್ವಲ್ಪ ಹೊತ್ತು, ತಾನೇ ನಿಲ್ಲಿಸುತ್ತಾಳೆ ಎಂದುಕೊಂಡು ಕುಳಿತಳು.

ದನಿ ನಿಂತಿತು. ತುಟಿಗಳು ಮಾತ್ರ ಆಡುತ್ತಲೇ ಇದ್ದವು.

ಶರ್ವಾಣಿ ಆಗ ಓಡಿದಳು. ವೇದಿಕೆ ಹತ್ತಿ ಭುಜ ಹಿಡಿದು, "ಸಾಕ್ ಬಿಡವಾ, ಸಾಕು" ಎಂದಳು. ಫಕೀರವ್ವ ಅವಳ ಎದೆಗೆ ತಲೆಯಿಟ್ಟು ಸುಮ್ಮನಾದಳು. ಗೋಡೆಯ ಮೇಲಿನ ಗೆರೆ ಸರ್ರನೆ ಇಳಿಯಿತು.

ಅಷ್ಟರಲ್ಲಾಗಲೇ ಫಕೀರವ್ವ ಗೆದ್ದಾಗಿತ್ತು. ಗಂಟಲಿನ ತಂತುಗಳು ಹರಿದಿವೆ, ದನಿ ಮರಳುವುದು ಕಷ್ಟ ಎಂದರು ವೈದ್ಯರು. ಆಸ್ಪತ್ರೆಯ ಪಡಸಾಲೆಯಲ್ಲಿ ನಿಂಬೆವ್ವ ಕೇಳಿದಳು: "ಅಷ್ಟು ಮಂದಿ ಅತ್ತರಂತಲ್ರೀ. ಒಬ್ಬರಿಗರ ಸಾಕು ಅನಬೇಕು ಅನ್ನಿಸಲಿಲ್ಲೇನ್ರೀ?"

ಯಾವ ದೇಶದಲ್ಲಿ ಎಷ್ಟು ಜನರ ಮೈ ಜುಮ್ಮೆಂದಿತ್ತು ಎಂಬುದು ಶರ್ವಾಣಿಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

"ನನಗ ಅನ್ನಿಸಿತ್ತು, ನಿಂಬೆವ್ವ," ಎಂದಳು. "ಗೆರೆ ಏರ್ತಿತ್ತು. ಅದಕ್ಕ ಕೂತೆ."

ಈ ಕತೆಯ ಮಿಡಿತಪಟ್ಟಿ ನಮ್ಮ ಕೈಗೆ ಬರಲು ಇನ್ನೂ ಕೆಲವು ದಶಕಗಳಿವೆ. ಯಾರದೋ ಮನೆಯ ಸಾವಿನ ಅಳುವನ್ನು ಅಂಗೈಯ ಫೋನಿನಲ್ಲಿ ನೋಡಿ, ಕಣ್ಣೊರೆಸಿಕೊಂಡು, ಮತ್ತೊಮ್ಮೆ ಹಾಕಿ ನೋಡುವ ನಾವು, ಸಾಕು ಎನ್ನದೆ, ಈಗಾಗಲೇ ಕುಳಿತಿದ್ದೇವೆ.