ಹತ್ತು ಗಂಟೆಯ ಬೆರಳಚ್ಚು

"ಇದು ಅಪಾಯ ಅಂತಿದೆ, ನೀವು ಒತ್ತಿ ಅಂತೀರಿ. ಯಾರ ಮಾತು ಕೇಳ್ಲಿ ಸಾರ್?"

ಅಮೃತ ಲ್ಯಾಪ್‌ಟಾಪನ್ನು ದೇವರಾಜುವಿನ ಕಡೆ ತಿರುಗಿಸಿದಳು. ಪರದೆಯ ಮೇಲೆ ಹಳದಿ ತ್ರಿಕೋನ. ಅದರ ಕೆಳಗೆ, ಈ ಜಾಗವನ್ನು ನಂಬಬೇಡಿ ಎಂದು ನಾಲ್ಕು ಸಾಲು ಇಂಗ್ಲಿಷ್.

ಮದ್ದೂರಿನ ಲಿಂಗಯ್ಯನವರ ಎಳನೀರು ಮಂಡಿಯ ಮಹಡಿ ಅದು. ಕೆಳಗೆ ಲಾರಿಗೆ ಎಳನೀರು ತುಂಬುವ ಸದ್ದು. ದೆಹಲಿ, ಮುಂಬಯಿಯ ವ್ಯಾಪಾರಿಗಳ ಮೇಲ್‌ಗಳನ್ನು ನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿದ್ದವಳು ಅಮೃತ. ಹದಿನೈದು ದಿನದ ಹಿಂದೆ ಅವಳ ಅಕ್ಕ ಬಾಣಂತಿತನದಲ್ಲೇ ತೀರಿಕೊಂಡಿದ್ದಳು. ಭಾವ ಪುಟ್ಟರಾಜುವಿಗೆ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕೆಲಸ. ಹಸುಗೂಸನ್ನು ಸಾಕಲು ಅಮೃತ ತಾಯಿಯ ಜೊತೆ ಅಲ್ಲಿನ ಕ್ವಾರ್ಟರ್ಸಿಗೆ ಹೊರಟಿದ್ದಳು.

"ಕೆಲ್ಸ ಬುಡಬ್ಯಾಡ ಕಣವ್ವ, ಅಲ್ಲಿಂದ್ಲೇ ಮೇಲ್ ನೋಡ್ಕೊ," ಎಂದಿದ್ದರು ಲಿಂಗಯ್ಯ. ಆಫೀಸಿನ ಸರ್ವರ್ ಅನ್ನು ಹೊರಗಿನಿಂದ ತೆರೆಯುವ ಹಾಗೆ ಮಾಡಲು ಮಂಡ್ಯದಿಂದ ದೇವರಾಜುವನ್ನು ಕರೆಸಿದ್ದರು.

"ಸರ್ವರ್‌ಗೆ ಹಾಕಿದ ಬೀಗ ಗಟ್ಟಿಯಾಗೇ ಇದೆ ಮೇಡಂ," ಎಂದ ದೇವರಾಜು. "ಆದ್ರೆ ನಾನೇ ಮಾಡಿದ ಬೀಗ. ಹೊರಗಿನ ಯಾವ ಕಂಪನಿಯೂ ಅದಕ್ಕೆ ಸಾಕ್ಷಿ ಹಾಕಿಲ್ಲ. ಅದಕ್ಕೇ ಬ್ರೌಸರ್‌ಗೆ ಅನುಮಾನ."

"ಹಂಗಾದ್ರೆ ನಿಮಗೆ ಸಾಕ್ಷಿ ಯಾರು?"

ಅವನು ತಲೆಯೆತ್ತಿದ. ಅವಳದು ಅತ್ತು ಅತ್ತು ಊದಿದ ಕಣ್ಣು. ಆದರೂ ಆ ಕಣ್ಣಿನ ತುದಿಯಲ್ಲಿ ಒಂದು ಚೇಷ್ಟೆ ಮಿಣುಕಿ, ಇಷ್ಟು ದುಃಖದಲ್ಲಿ ಇದು ಸರಿಯಲ್ಲ ಎನ್ನುವಂತೆ ಕೂಡಲೇ ಬಾಗಿತು. ದೇವರಾಜುವಿಗೆ ಹೇಳಬೇಕಾದ ವಾಕ್ಯ ಮರೆತುಹೋಯಿತು.

"ಪ್ರತಿ ಬೀಗಕ್ಕೂ ಒಂದು ಬೆರಳಚ್ಚು ಇರುತ್ತೆ," ಎಂದ ಕೊನೆಗೆ. "ಇಪ್ಪತ್ತು ಜೋಡಿ ಅಂಕಿ, ಅಕ್ಷರ. ದಾರಿ ಮಧ್ಯೆ ಯಾರಾದ್ರೂ ನಮ್ಮ ವೇಷ ಹಾಕ್ಕೊಂಡು ನಿಂತ್ರೆ ನಿಮ್ಮ ಪಾಸ್‌ವರ್ಡ್ ಅವರ ಪಾಲು. ಅಲ್ಲಿ ನಿಮಗೆ ಕಂಡಿದ್ದನ್ನ ಫೋನಲ್ಲಿ ಓದಿ, ನಾನು ಬರೆದಿಟ್ಕೊಂಡಿರೋ ಚೀಟಿ ಜೊತೆ ಹೊಂದಿಸಿ ನೋಡ್ತೀನಿ. ಸರಿ ಅಂದ್ಮೇಲೆ ಒಳಗೆ ಹೋಗಿ."

"ದಿನಾನಾ?"

ಒಂದು ಸಲ ಸಾಕು. ಸಂಜೆ ತರಗತಿಯಲ್ಲಿ ಅವನು ಕಲಿತದ್ದೂ ಅದನ್ನೇ, ಬೇರೆ ಗಿರಾಕಿಗಳಿಗೆ ಹೇಳಿದ್ದೂ ಅದನ್ನೇ. ನೆನಪಿಟ್ಟುಕೋ ಎನ್ನುವ ಚೌಕದಲ್ಲಿ ಟಿಕ್ ಇದ್ದರೆ ಬ್ರೌಸರ್ ಮತ್ತೆ ಕೇಳುವುದಿಲ್ಲ. ಆ ಮಾತು ನಾಲಿಗೆಯ ಮೇಲೆ ಬಂದು ನಿಂತಿತ್ತು.

"ದಿನಾ," ಎಂದ. "ಬೆಳಿಗ್ಗೆ ಹತ್ತಕ್ಕೆ. ಆ ಟಿಕ್ ತೆಗೆದು ಒತ್ತಿ."

ಒಂದು ಸ್ಕ್ರೂ ಸಡಿಲವಿದ್ದರೂ ಊಟ ಸೇರದ ಮನುಷ್ಯ ದೇವರಾಜು. ಅವತ್ತು ಮಂಡ್ಯದ ಬಸ್ಸಿನಲ್ಲಿ ಅವನ ಮೈಯೆಲ್ಲ ಬೆವರಿತ್ತು. ನಾಳೆ ಫೋನ್ ಬಂದಾಗ ನಿಜ ಹೇಳಿಬಿಡುತ್ತೇನೆ ಎಂದುಕೊಂಡ.

ಮಾರನೆಯ ದಿನ ಫೋನ್ ಬಂತು. ಅವನು ಹೇಳಲಿಲ್ಲ.

* * *

"ನೋಡ್ಕೊಳಿ ಸಾರ್. ಮೂರು ಬೆಲ್ಲ."

"ಮೂರು ಬಿ. ಹ್ಞೂಂ."

"ಸೊನ್ನೆ ಒಂಬತ್ತು. ದನ ಏಳು. ಅವರೆಕಾಯಿ, ಅವರೆಕಾಯಿ."

"ಡಬಲ್ ಎ ಅಂದ್ರೆ ಸಾಕು ಮೇಡಂ."

"ಸೊಗಡಿನ ಕಾಲ ಸಾರ್. ಒಂದು ಕಾಯಿಗೆ ಸಾರಾಗುತ್ತಾ?"

ಬಿಗೆ ಬೆಲ್ಲ, ಡಿಗೆ ದನ, ಎಗೆ ಅವರೆಕಾಯಿ. ಅದು ಅವಳೇ ಮಾಡಿಕೊಂಡ ಭಾಷೆ. ಹತ್ತು ಗಂಟೆಗೆ ದೇವರಾಜು ಎಲ್ಲಿದ್ದರೂ ಹೊರಗೆ ಬರುತ್ತಿದ್ದ. ಬ್ಯಾಂಕಿನ ಮೆಟ್ಟಿಲು, ಮಂಡ್ಯ ಬಸ್ ಸ್ಟ್ಯಾಂಡಿನ ಕಂಬ, ಕಬ್ಬಿನ ಲಾರಿಗಳು ಸಾಲಾಗಿ ನಿಂತ ರಸ್ತೆಯ ಅಂಚು. ಅಂಗಿಯ ಜೇಬಿನಿಂದ ಚೀಟಿ ತೆಗೆದು ಒಂದೊಂದು ಜೋಡಿಯ ಮೇಲೂ ಬೆರಳಿಟ್ಟು ಕೇಳುತ್ತಿದ್ದ. ದೀಪಾವಳಿಯ ಹೊತ್ತಿಗೆ ಇಪ್ಪತ್ತೂ ಜೋಡಿ ಬಾಯಿಗೆ ಬಂದಿತ್ತು. ಆದರೂ ಚೀಟಿ ತೆಗೆಯುತ್ತಿದ್ದ.

ಅಂಕಿಗಳ ನಡುವೆ ಒಂದು ಬದುಕು ನುಸುಳಿ ಬರುತ್ತಿತ್ತು. ಮೊದಮೊದಲು ಮಗು ಅಪ್ಪುವಿನ ಅಳು. ಆಮೇಲೆ ಗಿಲಕಿಯ ಸದ್ದು. ಒಂದು ದಿನ, "ತಡೀರಿ, ಹನ್ನೊಂದನೇ ಜೋಡಿ ಕಾಣ್ತಿಲ್ಲ. ಅಪ್ಪು ಪರದೆ ನೆಕ್ಕಿಬಿಟ್ಟ."

"ಒರೆಸಿ ಓದಿ."

"ಹುಷಾರಿಲ್ವಾ ನಿಮಗೆ? ದನಿ ಕಟ್ಟಿದೆ."

"ನೆಗಡಿ."

"ಮೆಣಸಿನ ಸಾರು ಯಾರು ಮಾಡ್ಕೊಡ್ತಾರೆ?"

"ಹೋಟ್ಲು."

ಅಮೃತ ಪರದೆ ಒರೆಸಿ, ಮೆಲ್ಲಗೆ, "ಬೆಲ್ಲ ನಾಲ್ಕು," ಎಂದಳು. ಆ ಎರಡು ಪದಗಳನ್ನು ದೇವರಾಜು ಸಂಜೆಯವರೆಗೂ ಎದೆಯಲ್ಲಿಟ್ಟುಕೊಂಡು ಓಡಾಡಿದ.

ಹೇಳಬೇಕಾದದ್ದನ್ನು ಮೂರು ಸಲ ಮೊಬೈಲಿನಲ್ಲಿ ಬರೆದ, ಮೂರು ಸಲವೂ ಅಳಿಸಿದ. ವಯಸ್ಸು ಮೂವತ್ನಾಲ್ಕು. ಹಗಲು ಅಂಗಡಿಯಲ್ಲಿ ಮಾನಿಟರ್ ಹೊತ್ತು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವನು. ಇಂಗ್ಲಿಷ್ ಮಾತಾಡುವವರ ಎದುರು ಈಗಲೂ ಅಂಗೈ ಒದ್ದೆಯಾಗುತ್ತದೆ. ಅವಳೋ ಮೈಸೂರಿನಲ್ಲಿ ಓದಿ ಬಂದವಳು. ಹೇಳಿ, ಅವಳು ಹತ್ತು ಗಂಟೆಯ ಫೋನನ್ನೇ ನಿಲ್ಲಿಸಿಬಿಟ್ಟರೆ? ಇರುವ ಇಷ್ಟನ್ನು ಕಳೆದುಕೊಳ್ಳುವ ಭಯದಲ್ಲಿ ಒಂದು ವರ್ಷ ಕಳೆಯಿತು.

ಅವನು ಮಾಡಿದ ಬೀಗದ ಆಯಸ್ಸೂ ಒಂದೇ ವರ್ಷ. ಹೊಸದನ್ನು ಸಿದ್ಧಮಾಡಲು ಮಂಡಿಗೆ ಹೋದ ದಿನ ಲಿಂಗಯ್ಯ ಎಳನೀರು ಕೆತ್ತಿಸಿ ಅವನ ಕೈಗೆ ಕೊಟ್ಟರು.

"ಸುದ್ದಿ ಗೊತ್ತಾಯ್ತೇನ್ಲಾ? ಅಕ್ಕನ ವರ್ಸದ ತಿಥಿ ಮುಗೀತು. ಅಮೃತನ್ನ ಪುಟ್ಟರಾಜಂಗೇ ತಂದ್ಕೊಳ್ಳೋ ಮಾತೈತಂತೆ. ಮಗೀಗೆ ಇನ್ಯಾರವ್ರೆ ಯೋಳು."

"ಅವ್ರು ಒಪ್ಪಿದಾರಾ?"

"ನನ್ನ ಕೇಳ್ತೀಯಲ್ಲೋ. ದಿನಾ ಫೋನಲ್ ಮಾತಾಡೋನು ನೀನು."

ದೇವರಾಜು ಎಳನೀರನ್ನು ಕುಡಿಯದೆ ಮೇಜಿನ ಮೇಲಿಟ್ಟ. ಹೊಸ ಬೆರಳಚ್ಚನ್ನು ಫೋನಿನಲ್ಲಿ ಹೇಳುವುದು ಸುರಕ್ಷಿತವಲ್ಲ, ಕೈಯಾರೆ ಕೊಟ್ಟು ಬರಬೇಕು ಎಂದ. ಲಿಂಗಯ್ಯ ಅವನ ಮುಖವನ್ನೇ ನೋಡಿದರು. "ಓಗು," ಎಂದರು. "ಓಗ್ಬಾ."

* * *

ಮಳವಳ್ಳಿಯಲ್ಲಿ ಬಸ್ಸು ಬದಲಿಸಿದ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಹಿಂದೆ ಮುಂದೆ ಮಾಡಿ ಜೋಡಿಸಿಕೊಂಡ. ಇಳಿಯುವ ಹೊತ್ತಿಗೆ ಅದು ಎಂಟು ವಾಕ್ಯವಾಗಿತ್ತು.

ಬಾಗಿಲು ತೆರೆದವರು ಅಮೃತಳ ತಾಯಿ ಮಂಗಳಮ್ಮ. ಹೆಸರು ಕೇಳಿದ್ದೇ ಮುಖ ಅರಳಿತು.

"ನಂಬರ್ ಸಾರಾ? ಬನ್ನಿ, ಬನ್ನಿ. ಮೊಕ ನೋಡಿರ್ನಿಲ್ಲ. ನೀವು ಬೆಲ್ಲ, ದನ ಅಂತ ಅದೇನೋ ಮಾತಾಡ್ತೀರಲ್ಲ, ಈ ಮನೇಲಿ ನಗು ಅಂತ ಕೇಳಿಸ್ತಿದ್ದುದು ಅಷ್ಟೊತ್ತೇ ಕಣಪ್ಪ."

ಅವನ ಎಂಟು ವಾಕ್ಯಗಳಲ್ಲಿ ನಾಲ್ಕು ಅಲ್ಲೇ ಉದುರಿಹೋದವು.

ಒಳಗಿನಿಂದ ಅಮೃತ ಬಂದಳು. ಸೊಂಟದ ಮೇಲೆ ಮಗು. ತೆಳ್ಳಗಾಗಿದ್ದಳು. ಕಣ್ಣು ಅವನ ಮುಖದಿಂದ ಅಂಗಿಯ ಜೇಬಿಗಿಳಿದು, ಅಲ್ಲಿ ಇಣುಕುತ್ತಿದ್ದ ಚೀಟಿಯನ್ನು ಮುಟ್ಟಿ, ಮತ್ತೆ ಮುಖಕ್ಕೆ ಬಂದು ನಿಂತಿತು.

"ಕೂದ್ಲು ಉದುರಿದೆ ನಿಮಗೆ."

"ನಿಮ್ಗೂ."

"ನಂದು ಉದುರಿದ್ದಲ್ಲ. ಇವನು ಕಿತ್ತಿದ್ದು."

ಮಂಗಳಮ್ಮ ಮಗುವನ್ನು ಎತ್ತಿಕೊಂಡು ನೀರು ಹಾಕಲು ಹೋದರು. ಪುಟ್ಟರಾಜು ಎರಡು ಗಂಟೆಯವರೆಗೆ ಶಿಫ್ಟಿನಲ್ಲಿದ್ದ. ಕಿಟಕಿಯ ಪಕ್ಕದ ಮೇಜಿನ ಮೇಲೆ ಲ್ಯಾಪ್‌ಟಾಪ್. ಬೀಗ ಬದಲಿಸುವ ಮೊದಲು ಹಳೆಯದು ಹೇಗಿದೆ ನೋಡೋಣ ಎಂದು ಅವನು ವಿಳಾಸ ಒತ್ತಿದ.

ಮೇಲ್ ಪೆಟ್ಟಿಗೆ ನೇರವಾಗಿ ಎದುರು ಬಂತು. ಹಳದಿ ತ್ರಿಕೋನವಿಲ್ಲ, ಎಚ್ಚರಿಕೆಯಿಲ್ಲ, ಅಂಕಿಗಳೂ ಇಲ್ಲ.

"ಎಚ್ಚರಿಕೆ ಬರಲಿಲ್ಲ," ಎಂದ.

"ಎರಡನೇ ದಿನದಿಂದ್ಲೂ ಬಂದಿಲ್ಲ. ಆ ಟಿಕ್ ನಾನು ತೆಗೀಲೇ ಇಲ್ಲ. ಪಕ್ಕದಲ್ಲೇ ಬರ್ದಿತ್ತಲ್ಲ, ನೆನಪಿಟ್ಕೊ ಅಂತ. ಓದೋಕೆ ಬರುತ್ತೆ ನಂಗೆ."

"ಮತ್ತೆ ದಿನಾ ಓದ್ತಿದ್ರಲ್ಲ, ಇಪ್ಪತ್ತೂ?"

ಅಮೃತ ಕೈ ಚಾಚಿದಳು. ಮೂಲೆಯ ಪುಟ್ಟ ಬೀಗದ ಚಿತ್ರ ಒತ್ತಿದಳು. ಅಲ್ಲಿ ತೆರೆದ ಸಾಲನ್ನು ಒತ್ತಿದಳು. ಇನ್ನೊಂದು ಕಿಟಕಿ ತೆರೆಯಿತು. ಎಲ್ಲಕ್ಕಿಂತ ಕೆಳಗೆ, ಮೂರು ಬೆಲ್ಲದಿಂದ ಹಿಡಿದು ಇಪ್ಪತ್ತು ಜೋಡಿಯೂ ಅಡಗಿ ಕುಳಿತಿದ್ದವು. ಇಷ್ಟನ್ನೂ ಅವಳು ಪರದೆ ನೋಡದೆ ಮಾಡಿದ್ದಳು. ನೋಡುತ್ತಿದ್ದುದು ಅವನನ್ನು.

"ಹುಡುಕೋಕೆ ಮೊದಲ್ನೇ ಸಲ ಅರ್ಧ ಗಂಟೆ ಆಯ್ತು. ಅವತ್ತು ಫೋನ್ ಲೇಟಾಯ್ತು ಅಂತ ಗಾಬರಿ ಆಗಿದ್ರಿ, ನೆನಪಿದ್ಯಾ?"

ದೇವರಾಜು ಕುರ್ಚಿಯ ಅಂಚು ಹಿಡಿದುಕೊಂಡ. "ಸುಳ್ಳು ಹೇಳಿದ್ದೆ. ಒಂದು ಸಲ ಸಾಕಿತ್ತು."

"ಗೊತ್ತು."

"ಬೈಲಿಲ್ಲ ಯಾಕೆ?"

"ಬೈದಿದ್ರೆ ಫೋನು ನಿಲ್ತಿತ್ತಲ್ಲ."

ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು, ಮಗುವಿನ ಕೇಕೆ. ಉಳಿದ ನಾಲ್ಕು ವಾಕ್ಯಗಳೂ ಅವನಿಗೆ ಬೇಕಾಗಲಿಲ್ಲ.

"ಅಮೃತ, ನಿಮ್ಮನ್ನ ಮದ್ವೆ ಆಗ್ಬೇಕು ಅಂತ ಕೇಳೋಕೆ ಬಂದೆ. ನಂದು ದೊಡ್ಡ ಸಂಬಳ ಅಲ್ಲ, ಓದಿದ್ದೂ ಸಂಜೆ ಕಾಲೇಜು..."

"ಇನ್ನೊಂದ್ಸಲ ಹೇಳಿ. ಸಂಬಳದ್ದಲ್ಲ, ಮೊದಲ್ನೇದು."

ಅವನು ಇನ್ನೊಂದು ಸಲ ಹೇಳಿದ. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು, ಬಾಯಾರಿದವರು ನೀರು ಕುಡಿಯುವಂತೆ. ಕಣ್ಣು ತೆರೆದಾಗ ರೆಪ್ಪೆ ಒದ್ದೆಯಾಗಿತ್ತು.

"ಹೋದ ಭಾನುವಾರ ಭಾವಂಗೆ ಒಪ್ಗೆ ಕೊಟ್ಟೆ."

"ಬಲವಂತ ಮಾಡಿದ್ರಾ?"

"ಇಲ್ಲ. ಮಾಡಿದ್ರೆ ಎಷ್ಟು ಸುಲಭ ಇತ್ತು. ಇಷ್ಟ ಇಲ್ದಿದ್ರೆ ನಿಮ್ಮಮ್ಮಂಗೆ ನಾನೇ ಹೇಳ್ತೀನಿ, ನೀನು ಕೆಟ್ಟೋಳಾಗ್ಬೇಡ ಅಂದ್ರು. ನಾನು ಒಂದು ವಾರ ಟೈಮ್ ಕೇಳ್ದೆ. ಆ ವಾರ, ಇಪ್ಪತ್ತನೇ ಜೋಡಿ ಮುಗಿದ್ಮೇಲೆ ಫೋನ್ ಹಿಡ್ಕೊಂಡು ಸುಮ್ನೆ ನಿಲ್ತಿದ್ದೆ. ಆರು ದಿನ. ಆರು ದಿನಾನೂ ನೀವು, ಸರಿಯಾಗಿದೆ ಮೇಡಂ, ಪಾಸ್‌ವರ್ಡ್ ಹಾಕಿ ಅಂತ ಹೇಳಿ ಇಟ್ರಿ."

ಅವನಿಗೆ ಆ ಮೌನಗಳು ಒಂದೊಂದಾಗಿ ನೆನಪಾದವು. ಬುಧವಾರದ್ದು ಎಲ್ಲಕ್ಕಿಂತ ಉದ್ದ. ಆಗ ಅವನು ಮೊಬೈಲನ್ನು ಕಿವಿಯಿಂದ ತೆಗೆದು ಗೀಟುಗಳನ್ನು ಎಣಿಸಿದ್ದ.

"ನಾನು ಸಿಗ್ನಲ್ ಹೋಯ್ತು ಅಂದ್ಕೊಂಡೆ," ಎಂದ.

ಅಮೃತ ನಕ್ಕಳು. ಒಂದು ವರ್ಷ ಫೋನಿನಲ್ಲಿ ಕೇಳಿದ್ದ ನಗು ಎದುರಿಗೆ ಬಂದದ್ದು ಅದೇ ಮೊದಲು. ಅದು ಯಾವ ಗಳಿಗೆಯಲ್ಲಿ ಅಳುವಾಯಿತೋ ಅವನಿಗೆ ತಿಳಿಯಲಿಲ್ಲ.

"ನೀವೇ ಒಂದು ಮಾತು ಹೇಳ್ಬೋದಿತ್ತು."

"ಹೇಳ್ಬೋದಿತ್ತು. ಆದ್ರೆ ನಾನು ಬಿಟ್ಟು ಬರ್ಬೇಕಾದ್ದು ಅಪ್ಪುನ. ಕರೆಯೋರಿಲ್ದೆ ಹೆಂಗೆ ಬಿಟ್ಟು ಬರ್ಲಿ?"

"ಈಗ ಕರೀತಿದೀನಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾನು ಒಪ್ಪಿದ ದಿನ, ಅಕ್ಕ ಹೋದ್ಮೇಲೆ ಮೊದಲ್ನೇ ಸಲ ಭಾವ ಇನ್ನೊಂದು ಮುದ್ದೆ ಹಾಕಿಸ್ಕೊಂಡು ಉಂಡ್ರು. ಉಣ್ಣುವಾಗ ಕಣ್ಣಲ್ಲಿ ನೀರಿತ್ತು. ಬಡಿಸಿದೋಳು ನಾನು. ಅದನ್ನ ನೋಡಿದ್ಮೇಲೆ ಮಾತು ವಾಪಸ್ ತಗೊಳೋಕೆ ನನ್ ಕೈಲಾಗಲ್ಲ ದೇವರಾಜು."

ಸಾರ್ ಎನ್ನದೆ ಅವಳು ಅವನ ಹೆಸರು ಹೇಳಿದ್ದು ಅದೊಂದೇ ಸಲ.

ಆಮೇಲೆ ಮಾಡಲು ಉಳಿದದ್ದು ಕೆಲಸ. ಅವನು ಹೊಸ ಬೀಗ ಕೂರಿಸಿದ. ಹಳದಿ ತ್ರಿಕೋನ ಬಂತು. ಅವನು ಚೀಟಿ ನೋಡಿ ಓದಿದ, ಅವಳು ಪರದೆಯ ಮೇಲೆ ಬೆರಳಿಟ್ಟು ಹೊಂದಿಸಿದಳು. ಇಬ್ಬರ ಭುಜದ ನಡುವೆ ಒಂದು ಗೇಣು ಜಾಗವಿತ್ತು. ಯಾರೂ ಬೆಲ್ಲ ಎನ್ನಲಿಲ್ಲ, ದನ ಎನ್ನಲಿಲ್ಲ.

"ಟಿಕ್ ಇರ್ಲಿ," ಎಂದ ಅವನು. "ಇನ್ನು ಫೋನ್ ಬೇಕಾಗಲ್ಲ."

"ಹ್ಞೂಂ," ಎಂದಳು.

* * *

ಪುಟ್ಟರಾಜು ಶಿಫ್ಟ್ ಮುಗಿಸಿ ಬಂದವನು ದೇವರಾಜುವಿಗೆ ಊಟ ಮಾಡಿಸದೆ ಬಿಡಲಿಲ್ಲ. ಬಸ್ಸಾರು, ಮುದ್ದೆ. ಅಮೃತ ಬಡಿಸಿದಳು. ಕೇಳದೆಯೇ ದೇವರಾಜುವಿಗೆ ಎರಡನೆಯ ಸಲ ತುಪ್ಪ ಹಾಕಿ ಒಳಗೆ ಹೋದವಳು, ಅವನು ಚಪ್ಪಲಿ ಮೆಟ್ಟುವಾಗಲೂ ಹೊರಗೆ ಬರಲಿಲ್ಲ.

ಬಸ್ ನಿಲ್ದಾಣದವರೆಗೆ ಪುಟ್ಟರಾಜುವೇ ಬೈಕಿನಲ್ಲಿ ಬಿಟ್ಟ. ಇಳಿದ ಮೇಲೂ ಗಾಡಿ ತಿರುಗಿಸದೆ ನಿಂತ.

"ಒಂದ್ ಮಾತು ಸಾರ್. ಅಮೃತಂಗೆ ಆ ಕೆಲ್ಸ ಅಂದ್ರೆ ಪ್ರಾಣ. ಮದ್ವೆ ಆಯ್ತು ಅಂತ ಅದು ನಿಲ್ಬಾರ್ದು. ಅವ್ಳಿಗೆ ಅಂತ ಇರೋದು ಅದೊಂದೇಯ. ಈ ಸರ್ವರು ಗಿರ್ವರು ಕೆಡಕ್ಕಿಲ್ಲ ತಾನೆ?"

ದೇವರಾಜು ಯಾವ ಗಿರಾಕಿಗೂ ಇಂಥ ಮಾತು ಕೊಟ್ಟವನಲ್ಲ. ನೋಡೋಣ, ಪ್ರಯತ್ನ ಮಾಡ್ತೀನಿ ಎನ್ನುವುದೇ ಅವನ ಕೊನೆಯ ಮಾತಾಗಿರುತ್ತಿತ್ತು.

"ಕೆಡಲ್ಲ," ಎಂದ. "ನಾನು ನೋಡ್ಕೋತೀನಿ. ನಾನಿರೋವರ್ಗೂ ಕೆಡಲ್ಲ."

ಪುಟ್ಟರಾಜು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಎಣ್ಣೆಯ ಕಮಟು ಅಂಟಿದ, ಒರಟಾದ, ಬೆಚ್ಚನೆಯ ಕೈ. ಆ ಕೈಯನ್ನು ದ್ವೇಷಿಸಲು ದೇವರಾಜುವಿಗೆ ಆಗಲಿಲ್ಲ.

ಬಸ್ಸು ಬಂತು. ಹತ್ತಿ ಕುಳಿತು, ಕಂಡಕ್ಟರ್ ಹತ್ತಿರ ಬಂದಾಗ ಮಳವಳ್ಳಿಗೆ ಒಂದು ಟಿಕೆಟ್ ಕೇಳಿದ. ಆ ಮಾತು ಅವನಿಗೇ ಕೇಳಿಸಲಿಲ್ಲ.

"ಎಲ್ಲಿಗೆ ಸಾ?" ಎಂದ ಕಂಡಕ್ಟರ್.

ದೇವರಾಜು ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದು, ಮತ್ತೆ ಹೇಳಿದ.