ಉಪ್ಪಿಟ್ಟಿನ ಆಯಸ್ಸು

ಹೊಸ ಆವೃತ್ತಿಯನ್ನು ಒಬ್ಬಟ್ಟು ಎನ್ನಬೇಕೋ ಹೋಳಿಗೆ ಎನ್ನಬೇಕೋ ಎಂಬುದು, ೨೦೦೬ರ ಆ ಭಾನುವಾರ, ವಿಜಯನಗರದ ಒಂದು ಮಹಡಿ ಕೋಣೆಯಲ್ಲಿ ಕನ್ನಡದ ಭವಿಷ್ಯವನ್ನೇ ನಿರ್ಧರಿಸುವ ಪ್ರಶ್ನೆಯಾಗಿತ್ತು.

ಕನ್ನಡ ಟೈಪಿಂಗಿನ ಮುಕ್ತ ತಂತ್ರಾಂಶ ಅದು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ತಿದ್ದಿದವರಿಗೆ ಸಿಗುವುದು ಕಾಫಿ ಮಾತ್ರ. ಪ್ರತಿ ಆವೃತ್ತಿಗೂ ತಿಂಡಿಯ ಹೆಸರಿಡುವುದು ವಾಡಿಕೆ. ಆಗ ಬಳಕೆಯಲ್ಲಿದ್ದದ್ದು ‘ಉಪ್ಪಿಟ್ಟು’.

"ಒಬ್ಬಟ್ಟು ಅಂದ್ರ ನಮ್ಮ ಗದಗಿನಾಗ ಯಾರ್ ಕೇಳ್ತಾರ್ರೀ?" ಎಂದಳು ನೀಲಾಂಬಿಕಾ. ತಂಡಕ್ಕೆ ಹೊಸಬಳು. ಬೇರೆ ಯಾರೂ ಒಪ್ಪದ್ದರಿಂದ ಬಿಡುಗಡೆಯ ಹೊಣೆ ಅವಳ ತಲೆಗೆ ಬಿದ್ದಿತ್ತು.

"ಹೋಳಿಗೆ ಅಂತಾನೇ ಇಡಿ," ಎಂದ ಸುಘೋಷ್, ಪರದೆಯಿಂದ ಕಣ್ಣೆತ್ತದೆ. "ಉಪ್ಪಿಟ್ಟು ಹಳಸದಂಗೆ ನೋಡ್ಕೊಳ್ಳೋದು ನಾನು. ಅದನ್ನ ಮಾತ್ರ ಮುಟ್ಬೇಡಿ."

ಆಮೇಲೆ ಕಣ್ಣೆತ್ತಿದ. ನೋಟ ತಗ್ಗಿಸಿದ್ದು ಅವಳು.

ವಾರಗಳು ಉರುಳಿದವು. ಸಭೆ ಮುಗಿದೊಡನೆ ಅವನು ಹಳೆಯ ಆವೃತ್ತಿಯ ದೋಷ ತಿದ್ದಲು ಎದ್ದು ಹೋಗುತ್ತಿದ್ದ.

‘ಈ ಮನುಷ್ಯಾಗ ಒಂದು ಭಾನುವಾರನೂ ಬಿಡುವಿಲ್ಲಲ್ಲ...’

ಅವನು ತಂಗಿಯ ಮದುವೆಗೆಂದು ರಜೆ ಹಾಕಿದ್ದಾಗ ನೀಲಾಂಬಿಕಾ ಪ್ರಕಟಣೆ ಹೊರಡಿಸಿಬಿಟ್ಟಳು: ರಾಜ್ಯೋತ್ಸವಕ್ಕೆ ಹೋಳಿಗೆ ಬಿಡುಗಡೆ, ಅಂದಿನಿಂದ ಉಪ್ಪಿಟ್ಟಿಗೆ ಬೆಂಬಲವಿಲ್ಲ, ಅದರ ದೋಷಗಳನ್ನು ಇನ್ನು ಯಾರೂ ತಿದ್ದುವುದಿಲ್ಲ. ಅವನಿಗೊಂದು ಉಡುಗೊರೆ ಕೊಟ್ಟೆನೆಂದೇ ಅವಳ ನಂಬಿಕೆ.

ಹಿಂತಿರುಗಿದ ಸುಘೋಷ್ ಜಗಳವಾಡಲಿಲ್ಲ. ಆಡಿದ್ದರೆ ವಾಸಿಯಿತ್ತು.

"ಸರಿ, ನಿಮ್ಮಿಷ್ಟ," ಎಂದವನು ಮರುವಾರದಿಂದ ಬರಲೇ ಇಲ್ಲ.

ಬಂದದ್ದು ಬಾಪೂಜಿ ನಗರದ ಶಾಲೆಯ ಸತ್ಯವತಿ ಟೀಚರ ಫೋನು.

"ನಮ್ ಕಂಪ್ಯೂಟರ್‌ಗಳು ಯಾರೋ ಬೇಡಾಂತ ಕೊಟ್ಟ ಹಳೇವಮ್ಮ. ನಿಮ್ ಹೊಸದು ಅದ್ರಲ್ಲಿ ಓಡಲ್ವಂತೆ. ಮಕ್ಳು ಈಗಿನ್ನೂ ಹೆಸರು ಟೈಪ್ ಮಾಡೋದು ಕಲ್ತಿವೆ. ಎರಡು ವರ್ಷ ಉಪ್ಪಿಟ್ಟು ನೋಡ್ಕೋತೀವಿ ಅಂತ ಸುಘೋಷ್ ಮಾತು ಕೊಟ್ಟಿದ್ರು. ಪಾಪ, ಈಗ್ಲೂ ಭಾನುವಾರ ಬಂದು ಒಬ್ರೇ ಕೂತಿರ್ತಾರೆ."

ನೀಲಾಂಬಿಕಾ ತಾನು ಹೊರಡಿಸಿದ ಪ್ರಕಟಣೆಯನ್ನು ಮತ್ತೆ ತೆರೆದು ಓದಿದಳು. ‘ಬಿಡುವು ಕೊಡಾಕ ಹೋಗಿ ಅವರ ಮಾತನ್ನ ಸುಳ್ಳು ಮಾಡಿದ್ನಲ್ಲ...’

ಭಾನುವಾರ ಶಾಲೆಯ ಬಾಗಿಲಲ್ಲಿ ನಿಂತಳು.

"ತಪ್ಪಾತ್ರೀ."

"ಒಂದ್ ಮಾತು ಕೇಳ್ಬಹುದಿತ್ತು," ಎಂದ ಸುಘೋಷ್. "ಯಾಕೆ ಹಾಗ್ ಮಾಡಿದ್ರಿ?"

"ನಿಮಗ ಭಾನುವಾರ ಬಿಡುವಾಗ್ಲಿ ಅಂತ."

"ಬಿಡುವಾಗಿದ್ರೆ ಏನ್ ಮಾಡ್ಬೇಕಿತ್ತು ನಾನು?"

ಅವಳು ಕೀಲಿಮಣೆ ನೋಡಿದಳು. ಅರ್ಧ ಅಕ್ಷರಗಳು ಅಳಿಸಿಹೋಗಿದ್ದವು, ಸಹಾಯ ಸಿಗಲಿಲ್ಲ.

"ನನ್ನ ಜೋಡಿ... ಒಂದು ತಾಸು ಸುಮ್ನ ಕೂಡಬೇಕಿತ್ತು."

ಫ್ಯಾನು ಕಿರುಗುಟ್ಟುತ್ತಿತ್ತು. ಅವನು ಮಕ್ಕಳ ಸ್ಟೂಲೊಂದನ್ನು ಪಕ್ಕಕ್ಕೆ ಎಳೆದಿಟ್ಟ.

"ಇಲ್ಲೂ ಕೂರ್ಬಹುದು."

ಅವಳು ಕುಳಿತಳು. "ಪ್ರಕಟಣೆ ವಾಪಸ್ ತಗೊಂಡೀನಿ. ತಪ್ಪು ನಂದ ಅಂತ ಎಲ್ಲರಿಗೂ ಬರದೀನಿ. ಉಳಿದದ್ದು ಬರದಿಲ್ಲ."

"ಉಳಿದದ್ದು ನಂಗೊಬ್ಬನಿಗೆ ಹೇಳಿ, ಸಾಕು."

ಹೋಳಿಗೆ ರಾಜ್ಯೋತ್ಸವಕ್ಕೆ ಬರಲಿಲ್ಲ, ಸಂಕ್ರಾಂತಿಗೆ ಬಂತು. ಉಪ್ಪಿಟ್ಟಿಗೆ ಎರಡು ವರ್ಷದ ಬೆಂಬಲ ಉಳಿಯಿತು. ನೋಡಿಕೊಳ್ಳುವವರು ಇಬ್ಬರಾದರು.